ಹಾರ್ಲಿಕ್ಸ್ ಬಾಟ್ಲಿಯಲ್ಲಿ ಒಂದು ಊರು

ನಮ್ಮನೆ ದೇವರ ಗೂಡಲ್ಲಿ, ಗಂಟೆ ಮತ್ತೆ ಪಂಚಪಾತ್ರೆ ಹಿಂದುಗಡೆ, ಒಂದು ಹಳೇ ಗಾಜಿನ ಹಾರ್ಲಿಕ್ಸ್ ಬಾಟ್ಲಿ ಇದೆ. ಲೇಬಲ್ ಹೋಗಿ ಎಷ್ಟೋ ಕಾಲ ಆಯ್ತು, ಒಳಗೆ ಮುಕ್ಕಾಲು ಭಾಗ ಮರಳು. ನಮ್ಮ ತಾತ 1961ರಲ್ಲಿ ರಾಮೇಶ್ವರಕ್ಕೆ ಹೋದಾಗ ಆ ದ್ವೀಪದ ತುದೀಲಿರೋ ಧನುಷ್ಕೋಡಿಯ ಸಂಗಮದಲ್ಲಿ ಮುಳುಗೆದ್ದು ತಂದ ಮರಳು ಅದು. ಪದ್ಧತಿ ಗೊತ್ತಲ್ಲ, ಸೇತುವಿನ ಮರಳು ತಗೊಂಡು ಹೋಗಿ ಪ್ರಯಾಗದಲ್ಲಿ ಬಿಡಬೇಕು, ಅಲ್ಲಿಂದ ಗಂಗೆ ತಂದು ರಾಮನಾಥನಿಗೆ ಅಭಿಷೇಕ ಮಾಡಿಸಬೇಕು, ಆಗಲೇ ಯಾತ್ರೆ ಪೂರ್ತಿ ಆದಂಗೆ. ತಾತಂಗೆ ಪ್ರಯಾಗಕ್ಕೆ ಹೋಗೋಕೆ ಆಗಲೇ ಇಲ್ಲ. ಮೊದಲು ಅತ್ತೆ ಮದುವೆ ಅಂತ ಮುಂದೆ ಹೋಯ್ತು, ಆಮೇಲೆ ಮನೆಗೆ ಹೆಂಚು ಬದಲಾಯಿಸೋದು ಬಂತು, ಆಮೇಲೆ ಎರಡು ವರ್ಷ ಮಳೆ ಇಲ್ಲ, ಕೊನೆಗೆ ಮಂಡಿನೋವು. ಮರಳು ಮಾತ್ರ ಅರಸೀಕೆರೆ ಮನೆಯಿಂದ ಬೆಂಗಳೂರಿನ ಬಾಡಿಗೆ ಮನೆಗಳಿಗೆ, ಅಲ್ಲಿಂದ ಈ ಫ್ಲ್ಯಾಟಿಗೆ, ನಮ್ಮ ಜೊತೇಲೇ ಬಂತು. ಒಂದ್ಸಲ ಮೂವರ್ಸ್ ಹುಡುಗ ಇದನ್ನ ಎಸೀಲಾ ಸಾರ್ ಅಂತ ಕೇಳಿ ಅಮ್ಮನ ಹತ್ರ ಚೆನ್ನಾಗಿ ಬೈಸ್ಕೊಂಡ.

ನನಗೆ ಕೊರೀತಾ ಇದ್ದಿದ್ದು ಏನಂದ್ರೆ, ತಾತ ಮರಳು ತಂದ ಮೂರೇ ವರ್ಷಕ್ಕೆ ಒಂದು ಚಂಡಮಾರುತಕ್ಕೆ ಆ ಊರೇ ಇಲ್ಲವಾಯ್ತು. ರೈಲ್ವೇ ಸ್ಟೇಷನ್, ಪೋಸ್ಟ್ ಆಫೀಸು, ಕಸ್ಟಮ್ಸ್ ಆಫೀಸು, ಚರ್ಚು, ಛತ್ರ ಎಲ್ಲಾ ಇದ್ದ ಊರು, 1964ರ ಡಿಸೆಂಬರ್ 22ರ ರಾತ್ರಿ ಮಲಗಿದ್ದು, ಬೆಳಗಾಗೋ ಹೊತ್ತಿಗೆ ನೀರಲ್ಲಿತ್ತು. ನಮ್ಮನೇಲಿ ಅದರ ಒಂದು ಬಾಟ್ಲಿ ಇದೆ. ಹೋದ ಸೆಪ್ಟೆಂಬರ್‌ನಲ್ಲಿ, ಅಂದ್ರೆ 2025ರಲ್ಲಿ, ಅಮ್ಮನ್ನ ರಾಮೇಶ್ವರಕ್ಕೆ ಕರ್ಕೊಂಡು ಹೋದಾಗ ನಾನು ಯಾರಿಗೂ ಹೇಳದೆ ಆ ಬಾಟ್ಲಿನ ಟವೆಲ್ಲಲ್ಲಿ ಸುತ್ತಿ ಬ್ಯಾಗಿಗೆ ಹಾಕ್ಕೊಂಡೆ. ಯಾಕೆ ಅಂತ ಆಗ ನನಗೂ ಸರಿಯಾಗಿ ಗೊತ್ತಿರ್ಲಿಲ್ಲ.

"ಇಳೀರಿ, ಗಾಡಿ ಬದಲಾಯಿಸ್ಬೇಕು"

ನಾನು ಮೊದಲ ಸಲ ರಾಮೇಶ್ವರ ನೋಡಿದ್ದು 1987ರಲ್ಲಿ, ನನಗೆ ಆಗ ಒಂಬತ್ತು ವರ್ಷ. ತಾತ, ಅಜ್ಜಿ, ಅಪ್ಪ, ಅಮ್ಮ, ನಾನು, ಒಂದು ಕಬ್ಬಿಣದ ಟ್ರಂಕು, ಒಂದು ಸ್ಟೌವ್ ಬೇರೆ. ದ್ವೀಪಕ್ಕೆ ದಾಟೋ ಮುಂಚೆ ದಡದಲ್ಲಿರೋ ಮಂಡಪಂ ಸ್ಟೇಷನ್‌ನಲ್ಲಿ ರೈಲು ಸುಮಾರು ಹೊತ್ತು ನಿಂತು, ಆಮೇಲೆ ಮನುಷ್ಯರು ನಡೆಯೋ ಸ್ಪೀಡಲ್ಲಿ ಸೇತುವೆ ಮೇಲೆ ಹತ್ತಿತು. ಕಿಟಕಿಯಿಂದ ಕೆಳಗೆ ನೋಡಿದ್ರೆ ಹಳಿ ಕಾಣಲ್ಲ, ಕಂಬಿ ಕಾಣಲ್ಲ, ನೇರ ನೀರು. ಬಿಳೀ ನೊರೆ ಕಂಬಗಳ ಬುಡಕ್ಕೆ ಸುತ್ತಿಕೊಂಡು ಹೋಗೋದು ಕಾಣೋದು, ಅಷ್ಟೇ. ಡಬ್ಬಿ ತುಂಬ ಜನ ಎದ್ದು ನಿಂತು ಕೈ ಮುಗಿಯೋರು, ಚಿಲ್ಲರೆ ಎಸೆಯೋರು. ಐದು ಪೈಸೆ ಹತ್ತು ಪೈಸೆ ನೀರಿಗೆ ಬೀಳೋ ಬದಲು ಗರ್ಡರ್‌ಗೆ ಟಿಣ್ ಅಂತ ಬಡಿದು ಅಲ್ಲೇ ಉಳಿಯೋದು, ನನಗೆ ಆ ದುಡ್ಡು ಆಮೇಲೆ ಯಾರು ಎತ್ಕೋತಾರೆ ಅನ್ನೋದೇ ಚಿಂತೆ. ಪಕ್ಕದಲ್ಲೇ ರಸ್ತೆ ಸೇತುವೆಯ ಕೆಲಸ ನಡೀತಾ ಇತ್ತು. ಇಂದಿರಾ ಗಾಂಧಿ 1974ರಲ್ಲಿ ಶಂಕುಸ್ಥಾಪನೆ ಮಾಡಿದ್ದು, ಅದರ ಉದ್ಘಾಟನೆ ಆಗೋ ಹೊತ್ತಿಗೆ 1988ರ ಅಕ್ಟೋಬರ್ 2 ಆಯ್ತು, ಉದ್ಘಾಟನೆ ಮಾಡಿದ್ದು ಮಗ ರಾಜೀವ್. ಅಲ್ಲೀವರೆಗೂ ಕಾರು ಬಸ್ಸು ಯಾವುದರಲ್ಲಿ ಬಂದ್ರೂ ಮಂಡಪಂಗೆ ಮುಗೀತು, ಆಮೇಲೆ ರೈಲೇ ಗತಿ.

ಸೇತುವೆ ದಾಟಿ ಪಾಂಬನ್ ಸ್ಟೇಷನ್ ಬಂತು. ರೈಲು ನಿಲ್ತಿದ್ದಂಗೆ ತಾತ ಎದ್ದು, ಪಂಚೆ ಎತ್ತಿ ಕಟ್ಟಿ, ಟ್ರಂಕಿಗೆ ಕೈ ಹಾಕಿ "ಇಳೀರಿ ಇಳೀರಿ, ಗಾಡಿ ಬದಲಾಯಿಸ್ಬೇಕು" ಅಂತ ಗಲಾಟೆ ಎಬ್ಬಿಸಿಬಿಟ್ರು. ಅಪ್ಪ ಇಲ್ಲ ಅಂದ್ರು, ಎದುರು ಸೀಟಿನ ತಮಿಳರು ಕೈ ಆಡಿಸಿ ಬೇಡ ಬೇಡ ಅಂದ್ರು, ತಾತ ಯಾರ ಮಾತೂ ಕೇಳ್ಲಿಲ್ಲ, ಅಜ್ಜಿ ಸ್ಟೌವ್ ಹಿಡ್ಕೊಂಡು ಬಾಗಿಲ ತನಕ ಹೋಗಿಯೂ ಆಗಿತ್ತು. ಟಿಟಿ ಬಂದು ಈ ಗಾಡಿ ನೇರ ರಾಮೇಶ್ವರಂಗೇ ಹೋಗುತ್ತೆ ಪೆರಿಯವರೇ ಅಂದ ಮೇಲೆ ವಾಪಸ್ ಬಂದು ಕೂತ್ರು. ಸುತ್ತ ಇದ್ದೋರು ನಕ್ರು, ನಾನೂ ನಕ್ಕೆ. ತಾತ ಮಾತ್ರ ಕಿಟಕಿ ಆಚೆ, ಬಲಗಡೆ, ಹಳಿ ಇಲ್ಲದ ಒಂದು ಏರಿಯನ್ನ ನೋಡ್ತಾ ಕೂತಿದ್ರು.

ತಾತ ತಪ್ಪು ಹೇಳಿರ್ಲಿಲ್ಲ ಅಂತ ನನಗೆ ಗೊತ್ತಾಗಿದ್ದು ಬಹಳ ವರ್ಷ ಆದ್ಮೇಲೆ. ಅವರ ಕಾಲದಲ್ಲಿ ಪಾಂಬನ್ ಜಂಕ್ಷನ್. ಮೇನ್ ಲೈನ್ ಹೋಗ್ತಾ ಇದ್ದಿದ್ದು ಧನುಷ್ಕೋಡಿಗೆ, ರಾಮೇಶ್ವರ ಬರೀ ಒಂದು ಬ್ರಾಂಚ್ ಲೈನ್. ಕೇಳೋಕೆ ವಿಚಿತ್ರ ಅನ್ಸುತ್ತೆ, ಇಡೀ ದೇಶದ ಜನ ಬರೋ ಕ್ಷೇತ್ರ ಬ್ರಾಂಚ್ ಲೈನ್‌ನಲ್ಲಿ! ಆದ್ರೆ ಬ್ರಿಟಿಷರು ಸಮುದ್ರದ ಮೇಲೆ ಎರಡು ಕಿಲೋಮೀಟರ್ ಸೇತುವೆ ಕಟ್ಟಿದ್ದು ನಮ್ಮಜ್ಜಿ ಸ್ನಾನ ಮಾಡ್ಲಿ ಅಂತಲ್ಲ. 1914ರ ಫೆಬ್ರವರಿಯಲ್ಲಿ ಪಾಂಬನ್ ಸೇತುವೆ ಶುರುವಾದಾಗ ಅವರ ಕಣ್ಣಿದ್ದದ್ದು ಸಿಲೋನ್ ಮೇಲೆ, ಅಂದ್ರೆ ಈಗಿನ ಶ್ರೀಲಂಕಾ ಮೇಲೆ, ಅಲ್ಲಿನ ಟೀ ತೋಟಗಳ ಮೇಲೆ. ಮದ್ರಾಸಿನ ಎಗ್ಮೋರ್‌ನಲ್ಲಿ ಕೊಲಂಬೋಗೆ ಒಂದೇ ಟಿಕೆಟ್ ಕೊಡ್ತಿದ್ರು. ರಾತ್ರಿ ಬೋಟ್ ಮೇಲ್ ಹತ್ತಿದ್ರೆ ಧನುಷ್ಕೋಡಿ, ಅಲ್ಲಿ ದಕ್ಕೆಯಲ್ಲಿ ಸ್ಟೀಮರ್ ಕಾಯ್ತಿರೋದು, ಸುಮಾರು ಮೂವತ್ತು ಕಿಲೋಮೀಟರ್ ಸಮುದ್ರ ದಾಟಿದ್ರೆ ತಲೈಮನ್ನಾರ್, ಆಚೆ ಕಡೆ ಮತ್ತೆ ರೈಲು. ಇರ್ವಿನ್, ಗೋಶೆನ್ ಅಂತ ಸ್ಟೀಮರ್‌ಗಳು, ಒಂದಕ್ಕೆ ವೈಸರಾಯ್ ಹೆಸರು, ಇನ್ನೊಂದಕ್ಕೆ ಮದ್ರಾಸ್ ಗವರ್ನರ್ ಹೆಸರು. ತಾತ ಗೋಶೆನ್ ಅನ್ನೋಕೆ ಬರದೆ "ಗೋಸಾಯಿ ಹಡಗು" ಅಂತಿದ್ರು.

ಈ ರೈಲಿನ ಕತೆಯಲ್ಲಿ ನನಗೆ ತುಂಬಾ ಇಷ್ಟದ ಚೂರು ಅಂದ್ರೆ ಅಬ್ದುಲ್ ಕಲಾಂ ಅವರದ್ದು. ಎರಡನೇ ಮಹಾಯುದ್ಧದ ಟೈಮಲ್ಲಿ ರಾಮೇಶ್ವರದಲ್ಲಿ ರೈಲು ನಿಲ್ಲಿಸೋದನ್ನ ಬಿಟ್ಟುಬಿಟ್ರು. ಪೇಪರ್ ಕಟ್ಟುಗಳನ್ನ ಓಡೋ ರೈಲಿಂದ ಎಸೀತಿದ್ರಂತೆ, ಪೇಪರ್ ಏಜೆಂಟ್ ಆಗಿದ್ದ ಅವರ ಕಸಿನ್‌ಗೆ ಅದನ್ನ ಹಿಡ್ಕೊಂಡು ಕೊಡೋ ಕೆಲಸ ಹುಡುಗ ಕಲಾಂದು, ಅದೇ ಅವರ ಮೊದಲ ಸಂಪಾದನೆ. ಅವರಪ್ಪ ದೋಣಿ ಕಟ್ಟಿ ಯಾತ್ರಿಕರನ್ನ ರಾಮೇಶ್ವರದಿಂದ ಧನುಷ್ಕೋಡಿಗೆ ಕರ್ಕೊಂಡು ಹೋಗ್ತಿದ್ರು, ಒಂದು ಚಂಡಮಾರುತಕ್ಕೆ ಆ ದೋಣಿ ಹೋಯ್ತು. ಅಂದ್ರೆ ಊರಿನ ದೊಡ್ಡ ಮನುಷ್ಯನ ಮನೆ ಕತೆಯಲ್ಲೂ ಎಲ್ಲಾ ಈ ದಾಟೋ ವ್ಯವಹಾರವೇ. ಈ ದ್ವೀಪಕ್ಕೆ ಒಡೆಯರಾಗಿದ್ದ ರಾಮನಾಡಿನ ರಾಜರ ಬಿರುದೇ ಸೇತುಪತಿ, ದಾಟೋ ಜಾಗ ಕಾಯೋನು ಅಂತ. ಅವರಿಗೆ ಗೌರವ ಇದ್ದಿದ್ದೂ ಅದರಿಂದ, ಆದಾಯ ಇದ್ದಿದ್ದೂ ಅದರಿಂದ. ವಿವೇಕಾನಂದರು ಅಮೆರಿಕದಿಂದ ಸಿಲೋನ್ ಮೂಲಕ ವಾಪಸ್ ಬಂದು 1897ರ ಜನವರಿಯಲ್ಲಿ ಇಳಿದಿದ್ದು ಇದೇ ಪಾಂಬನ್‌ನಲ್ಲಿ, ಭಾಸ್ಕರ ಸೇತುಪತಿ ತಾನೇ ನಿಂತು ಬರಮಾಡಿಕೊಂಡ. ಅವರಿಗೆ ಮುಂಚೆ, ಅವರ ಆಮೇಲೆ, ಹೆಸರಿಲ್ಲದ ಲಕ್ಷಾಂತರ ತಮಿಳು ಕೂಲಿಗಳು ಇದೇ ನೀರು ದಾಟಿ ಕ್ಯಾಂಡಿ ಕಡೆ ತೋಟಗಳಿಗೆ ಹೋದ್ರು. ಅವರನ್ನ ರೋಗ ಇದೆಯಾ ಅಂತ ತಡೆದು ಇಡೋಕೆ ಸಿಲೋನ್ ಸರ್ಕಾರ ಈ ಕಡೆ ಮಂಡಪಂನಲ್ಲಿ ಒಂದು ಕ್ಯಾಂಪ್ ಮಾಡಿತ್ತು. 1983ರಲ್ಲಿ ಶ್ರೀಲಂಕಾದಲ್ಲಿ ತಮಿಳರ ಮೇಲೆ ಗಲಭೆ ಆದ್ಮೇಲೆ ಆ ಕಡೆಯಿಂದ ದೋಣಿಗಳಲ್ಲಿ ಓಡಿಬಂದ ನಿರಾಶ್ರಿತರನ್ನ ಇಟ್ಟಿದ್ದೂ ಅದೇ ಮಂಡಪಂ ಕ್ಯಾಂಪಲ್ಲಿ. ಹೋಗೋರಿಗೂ ಅದೇ, ಬರೋರಿಗೂ ಅದೇ.

ಹಂಗಾಗಿ 1964ರ ಚಂಡಮಾರುತದ ಬಗ್ಗೆ ಎಲ್ಲರೂ ಧನುಷ್ಕೋಡಿ ಹೋಯ್ತು ಅಂತ ಬರೀತಾರೆ, ನನಗೆ ಮಾತ್ರ ಆ ರಾತ್ರಿ ರಾಮೇಶ್ವರಕ್ಕೆ ಏನಾಯ್ತು ಅನ್ನೋದು ಇನ್ನೂ ದೊಡ್ಡದು ಅನ್ಸುತ್ತೆ. ಆ ರಾತ್ರಿ ಪಾಂಬನ್‌ನಿಂದ ಹೊರಟ 653 ನಂಬರಿನ ಪ್ಯಾಸೆಂಜರ್, ಧನುಷ್ಕೋಡಿ ಇನ್ನೇನು ಬಂತು ಅನ್ನೋವಾಗ, ನೂರಕ್ಕೂ ಹೆಚ್ಚು ಜನರ ಸಮೇತ ನೀರುಪಾಲಾಯ್ತು. ಸೇತುವೆಯ ಗರ್ಡರ್‌ಗಳಲ್ಲಿ 126 ಕೊಚ್ಚಿಕೊಂಡು ಹೋದ್ವು. ಅದನ್ನ ರಿಪೇರಿ ಮಾಡೋಕೆ ರೈಲ್ವೆಯವರು ಕಳಿಸಿದ್ದು ಇ. ಶ್ರೀಧರನ್ ಅನ್ನೋ ಚಿಕ್ಕ ವಯಸ್ಸಿನ ಇಂಜಿನಿಯರನ್ನ, ಹೌದು, ನಮ್ಮ ಕರಾವಳಿಗೆ ಆಮೇಲೆ ಕೊಂಕಣ ರೈಲು ತಂದವರೇ. ತಿಂಗಳುಗಟ್ಟಲೆ ಬೇಕು ಅಂದಿದ್ದ ಕೆಲಸ, ಸಮುದ್ರಕ್ಕೆ ಬಿದ್ದಿದ್ದ ಗರ್ಡರ್‌ಗಳನ್ನ ಎತ್ತಿಸಿ ಕೂರಿಸಿ 46 ದಿನಕ್ಕೆ ಮುಗಿಸಿದ್ರು. ಸೇತುವೆ ಎದ್ದು ನಿಲ್ತು, ಆದ್ರೆ ಪಾಂಬನ್‌ನಿಂದ ಧನುಷ್ಕೋಡಿಗೆ ಹಳಿ ಮತ್ತೆ ಹಾಕ್ಲಿಲ್ಲ, ಆ ಊರು ವಾಸಕ್ಕೆ ಯೋಗ್ಯ ಅಲ್ಲ ಅಂತ ಸರ್ಕಾರ ಹೇಳ್ತು. ಬ್ರಾಂಚ್ ಲೈನೇ ಮೇನ್ ಲೈನ್ ಆಯ್ತು. ಸಿಲೋನ್ ಹಡಗು ಕೆಲವು ವರ್ಷ ರಾಮೇಶ್ವರದಿಂದಲೇ ಓಡ್ತು, ಟೀ ತೋಟದ ತಮಿಳರನ್ನ ಎರಡೂ ದೇಶದ ಪ್ರಧಾನಿಗಳು ಮಾಡಿಕೊಂಡ ಶಾಸ್ತ್ರಿ-ಸಿರಿಮಾವೋ ಒಪ್ಪಂದದ ಪ್ರಕಾರ ವಾಪಸ್ ಕರ್ಕೊಂಡು ಬಂದಿದ್ದೂ ಅದರಲ್ಲೇ, ಕೊನೆಗೆ ಶ್ರೀಲಂಕಾದಲ್ಲಿ ಅಂತರ್ಯುದ್ಧ ಶುರುವಾಗಿ ಎಂಬತ್ತರ ದಶಕದಲ್ಲಿ ಅದೂ ನಿಂತೋಯ್ತು. ಆಮೇಲೆ ಇಲ್ಲಿಗೆ ಬರೋ ಯಾರೂ ಮುಂದಕ್ಕೆ ಹೋಗೋರಲ್ಲ, ಬಂದ ದಾರೀಲೇ ತಿರುಗಿ ಹೋಗೋರು. ಚೆನ್ನೈಯಿಂದ ರಾಮೇಶ್ವರಕ್ಕೆ ಬರೋ ಒಂದು ರೈಲಿಗೆ ಈಗಲೂ ಬೋಟ್ ಮೇಲ್ ಅಂತಲೇ ಹೆಸರು, ಬೋಟ್ ಎಲ್ಲಿ ಅಂತ ಯಾರೂ ಕೇಳಲ್ಲ.

ಇಪ್ಪತ್ತೆರಡು ಬಾವಿ, ಒಂದು ಟ್ಯಾಂಕರ್

ಈ ಸಲ ಹೋಗಿದ್ದು ಹೊಸ ಸೇತುವೆ ಮೇಲೆ. ಹಳೇದರಲ್ಲಿ ಹಡಗು ಬಂದ್ರೆ ಆಳುಗಳು ನಿಂತು ಕೈಯಲ್ಲೇ ಲಿವರ್ ತಿರುಗಿಸಿ ಎರಡು ರೆಕ್ಕೆ ಮೇಲೆತ್ತಬೇಕಿತ್ತು, ಗಾಳಿ ಗಂಟೆಗೆ 58 ಕಿಲೋಮೀಟರ್ ದಾಟಿದ್ರೆ ರೈಲಿಗೆ ಸಿಗ್ನಲ್ಲೇ ಸಿಗ್ತಿರ್ಲಿಲ್ಲ. ಉಪ್ಪುಗಾಳಿ ಆ ಕಬ್ಬಿಣಾನ ನೂರು ವರ್ಷ ತಿಂದು, 2022ರ ಡಿಸೆಂಬರ್‌ನಲ್ಲಿ ರೈಲು ಪೂರ್ತಿ ನಿಲ್ಲಿಸಿದ್ರು. ಹೊಸದು 2025ರ ಏಪ್ರಿಲ್ 6ಕ್ಕೆ, ರಾಮನವಮಿ ದಿನ ಶುರುವಾಯ್ತು. ಮಧ್ಯದ 72.5 ಮೀಟರ್ ಉದ್ದದ ತುಂಡು ಲಿಫ್ಟ್ ಥರ ನೇರ ಮೇಲಕ್ಕೆ 17 ಮೀಟರ್ ಏರುತ್ತೆ. ನಿಜ ಹೇಳ್ಬೇಕಂದ್ರೆ ನನಗೆ ಅದರ ಮೇಲೆ ಹೋದ ನೆನಪೇ ಸರಿಯಾಗಿಲ್ಲ. ಎಲ್ಲರೂ ಬಾಗಿಲ ಹತ್ರ ಮೊಬೈಲ್ ಹಿಡ್ಕೊಂಡು ನಿಂತಿದ್ರು, ಅವರ ಸ್ಕ್ರೀನಲ್ಲೇ ಸಮುದ್ರ ನೋಡಿದೆ, ಅಮ್ಮ ಪರ್ಸಿಂದ ಎರಡು ರೂಪಾಯಿ ನಾಣ್ಯ ಹುಡುಕಿ ತೆಗೆಯೋ ಅಷ್ಟರಲ್ಲಿ ಪಾಂಬನ್ ಬಂದುಬಿಡ್ತು. ಆ ನಾಣ್ಯ ಆಮೇಲೆ ಆಟೋದವನಿಗೆ ಹೋಯ್ತು.

ಲಾಡ್ಜ್ ಮುಂದೆ ಇಳಿದ್ರೆ ಮೊದಲು ಕಂಡಿದ್ದೇ ನೀರಿನ ಟ್ಯಾಂಕರ್. ಪೈಪು ಸಂಪಿಗೆ ಬಿಟ್ಟು ಡ್ರೈವರ್ ಬೀಡಿ ಸೇದ್ತಾ ನಿಂತಿದ್ದ. ನಾವು 2024ರ ಬೇಸಿಗೇಲಿ ಬೆಂಗಳೂರಲ್ಲಿ ಟ್ಯಾಂಕರ್‌ಗೆ ಫೋನ್ ಮಾಡಿ ಮಾಡಿ ಕೈ ಕಾಲು ಬಿದ್ದವರು. ಅಮ್ಮ ಅಲ್ಲೇ ನಿಂತು "ರಾಮೇಶ್ವರಕ್ಕೆ ಹೋದ್ರೂ ಶನೀಶ್ವರನ ಕಾಟ ತಪ್ಪಲಿಲ್ಲ ಅಂತಾರಲ್ಲ, ಇದೇ ಕಣೋ" ಅಂದು ನಕ್ರು. ಗಾದೆನ ಅದು ಹೇಳೋ ಜಾಗದಲ್ಲೇ ಹೇಳೋ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತೆ. ರೂಮಿಗೆ ಕುಡಿಯೋ ನೀರು ತಂದ ಹುಡುಗನ್ನ ಇದು ಯಾವ ನೀರಪ್ಪ ಅಂದೆ. "ಕಾವೇರಿ ತಣ್ಣಿ ಸಾರ್" ಅಂದ. ತಿರುಚ್ಚಿ ಕಡೆಯಿಂದ ಪೈಪಲ್ಲಿ ರಾಮನಾಥಪುರ ಜಿಲ್ಲೆಗೆ ಕಾವೇರಿ ತಂದಿದ್ದಾರೆ, ಸಮುದ್ರ ದಾಟಿ ದ್ವೀಪಕ್ಕೂ ಬರುತ್ತೆ. ಕೊಡಗಲ್ಲಿ ಹುಟ್ಟಿದ ನೀರನ್ನ ನಾವು ಬೆಂಗಳೂರಲ್ಲೂ ಕುಡಿದು ಇಲ್ಲೂ ಅದನ್ನೇ ಕುಡಿದ್ವಿ. ಈ ವಿಷಯದಲ್ಲಿ ಎರಡೂ ರಾಜ್ಯದವರು ಇಷ್ಟು ವರ್ಷ ಏನೇನ್ ಮಾಡಿದೀವಿ ಅಂತ ಆ ಹುಡುಗನ ಹತ್ರ ಮಾತಾಡೋಕೆ ನನಗೆ ತಮಿಳು ಸಾಲದು, ಒಳ್ಳೇದೇ ಆಯ್ತು.

ಮಾರನೇ ದಿನ ಬೆಳಗ್ಗೆ ತೀರ್ಥಸ್ನಾನ. ಹೋದವರಿಗೆ ಇದೇನು ಹೊಸದಲ್ಲ, ಮೊದಲು ಅಗ್ನಿತೀರ್ಥ ಅಂತ ಕರೆಯೋ ಸಮುದ್ರ, ಆಮೇಲೆ ಒದ್ದೆ ಬಟ್ಟೇಲೇ ದೇವಸ್ಥಾನದ ಒಳಗಿನ 22 ತೀರ್ಥ. ಬಾವಿಕಟ್ಟೆ ಮೇಲೆ ಗಂಡಾಳು ಒಬ್ಬ ಕಾಲು ಅಗಲಿಸಿ ನಿಂತಿರ್ತಾನೆ, ಕೈಯಲ್ಲಿ ಹಗ್ಗ ಕಟ್ಟಿದ ಪುಟ್ಟ ಬಕೆಟ್. ಕೆಳಗೆ ಬಿಟ್ಟು ಎರಡು ಎಳೆತಕ್ಕೆ ಮೇಲೆ, ಒಂದೇ ಬೀಸಿಗೆ ನಾಲ್ಕು ಜನರ ತಲೆ ಮೇಲೆ. ಮುಂದೆ ನಿಂತವರಿಗೆ ಪೂರ್ತಿ, ಹಿಂದೆ ಇದ್ದವರಿಗೆ ಸಿಂಚನ. ಅಮ್ಮನಿಗೆ ಎಪ್ಪತ್ತೆರಡು, ಕಲ್ಲಿನ ನೆಲ ಪಾಚಿಯಿಂದ ಜಾರುತ್ತೆ, ನಾನು ರಟ್ಟೆ ಹಿಡ್ಕೊಂಡೇ ಇದ್ದೆ. ಆರನೇ ಬಾವಿನೋ ಏಳನೇದೋ, ಆ ಮನುಷ್ಯ ಅಮ್ಮನ್ನ ನೋಡಿ ಬೀಸೋದನ್ನ ನಿಲ್ಲಿಸಿ, ಬಗ್ಗಿ, ತಲೆ ಮೇಲೆ ಮೆಲ್ಲಗೆ ಸುರಿದ. ಅಮ್ಮ ಬೊಗಸೇಲಿ ಹಿಡಿದು ಬಾಯಿಗೆ ಹಾಕ್ಕೊಂಡು, ಕಣ್ಣು ಬಿಟ್ಟು ನನ್ನ ನೋಡಿ "ಸಿಹಿ ಇದೆ ಕಣೋ!" ಅಂದ್ರು. ಕೂಗಳತೆಯಲ್ಲಿ ಸಮುದ್ರ, ಇನ್ನೂ ಬಾಯಲ್ಲಿ ಅದರ ಉಪ್ಪು, ಈ ಬಾವಿ ನೀರು ಸಿಹಿ. ಕೆಲವು ಬಾವಿಗಳದ್ದು ಸ್ವಲ್ಪ ಚಪ್ಪೆ, ಕೆಲವು ಸ್ವಲ್ಪ ಸವಳು, ಒಂದೊಂದಕ್ಕೆ ಒಂದೊಂದು ರುಚಿ.

ಪವಾಡ ಅಂದ್ರೆ ಪವಾಡವೇ, ಆದ್ರೆ ಅದಕ್ಕೊಂದು ಲೆಕ್ಕಾನೂ ಇದೆ. ಇಡೀ ದ್ವೀಪ ಮರಳು, ಹವಳ ಮತ್ತೆ ಚಿಪ್ಪಿನ ಪುಡಿ. ಮಳೆ ನೀರು ಹರಿದು ಹೋಗಲ್ಲ, ಇಂಗುತ್ತೆ. ಕೆಳಗೆ ಉಪ್ಪು ನೀರಿದೆ, ಸಿಹಿ ನೀರು ಅದಕ್ಕಿಂತ ಹಗುರ, ಅದರ ಮೇಲೆ ತೇಲಿಕೊಂಡು ನಿಲ್ಲುತ್ತೆ, ಹಾಲಿನ ಮೇಲೆ ಕೆನೆ ನಿಂತಂಗೆ. ಆಳ ಇಲ್ಲದ ಬಾವಿ ತೋಡಿ ಬಕೆಟ್‌ನಲ್ಲಿ ಸೇದಿದ್ರೆ ಕೆನೆ ಬರುತ್ತೆ. ಧನುಷ್ಕೋಡಿ ಕಡೆ ಮೀನುಗಾರರ ಹೆಂಗಸರು ಇವತ್ತಿಗೂ ಮರಳಲ್ಲಿ ಕೈಯಲ್ಲೇ ಗುಂಡಿ ತೋಡಿ ಚಿಪ್ಪಲ್ಲೋ ಬಟ್ಟಲಲ್ಲೋ ನೀರು ಮೊಗೆದು ಕೊಡ ತುಂಬಿಸ್ತಾರೆ, ಅದಕ್ಕೆ ಊತ್ತು ಅಂತಾರೆ, ನಮ್ಮ ಕಡೆ ಒರತೆ ಅನ್ನಲ್ವಾ ಹಂಗೆ. ಮೋಟರ್ ಇಟ್ಟು ಎಳೆದ್ರೆ ಕೆನೆ ಮುಗಿದು ಕೆಳಗಿಂದ ಉಪ್ಪು ಏರಿ ಬರುತ್ತೆ, ಒಂದ್ಸಲ ಬಂದ್ರೆ ಬೇಗ ಇಳಿಯಲ್ಲ. ಊರಿನ ಜನಸಂಖ್ಯೆ 2011ರ ಲೆಕ್ಕದಲ್ಲಿ 44,856, ಅದೇನು ಜಾಸ್ತಿ ಅಲ್ಲ, ಆದ್ರೆ ಅಮಾವಾಸ್ಯೆ ದಿನ ಬರೋ ಜನ ಆ ಲೆಕ್ಕದಲ್ಲಿ ಇಲ್ಲ. ಅಷ್ಟೂ ಜನಕ್ಕೆ ಅಟ್ಯಾಚ್ಡ್ ಬಾತ್‌ರೂಮ್, ಗೀಸರ್, ಒದ್ದೆ ಬಟ್ಟೆ ಹಿಂಡೋಕೆ ಇನ್ನೊಂದು ಬಕೆಟ್ ನೀರು. ನಾವು ಉಳಿದ ಲಾಡ್ಜ್‌ನ ಸ್ನಾನದ ನಲ್ಲೀಲಿ ಬರ್ತಾ ಇದ್ದ ನೀರಲ್ಲಿ ಸೋಪು ನೊರೆಯೇ ಬರ್ಲಿಲ್ಲ.

ಇನ್ನು ದೇವಸ್ಥಾನದ ಬಗ್ಗೆ ನಾನು ಹೇಳೋಕೆ ಏನಿಲ್ಲ, 1212 ಕಂಬದ ಆ ಪ್ರಾಕಾರದ ಫೋಟೋ ನೋಡದವರು ಯಾರಿದ್ದಾರೆ. ಅಮ್ಮನಿಗೆ ಖುಷಿಯಾಗಿದ್ದು ಬೇರೆ ವಿಷಯ. ಇಲ್ಲಿ ಗರ್ಭಗುಡಿ ಪೂಜೆ ಮಾಡೋರು ಹಿಂದೆ ಮಹಾರಾಷ್ಟ್ರದಿಂದ ಬಂದ ಮನೆತನದವರು, ಅವರು ದೀಕ್ಷೆ ತಗೊಳ್ಳೋದು ನಮ್ಮ ಶೃಂಗೇರಿ ಮಠದಿಂದ. ತಮಿಳು ರಾಜರು ಕಟ್ಟಿದ ಗುಡಿ, ಮರಾಠಿ ಅರ್ಚಕರು, ತುಂಗಾ ತೀರದ ದೀಕ್ಷೆ. ದಾರಿ ಮೇಲಿನ ಊರಿಗೆ ಮಾತ್ರ ಹೀಗೆಲ್ಲಾ ಆಗೋಕೆ ಸಾಧ್ಯ, ಯಾರೋ ಎಲ್ಲಿಂದಲೋ ಬಂದವರು ಸ್ವಲ್ಪ ದಿನ ಅಂತ ನಿಂತು ಹಂಗೇ ಉಳ್ಕೊಂಡುಬಿಡ್ತಾರೆ. ತಾತ 1961ರಲ್ಲಿ ಹದಿನಾಲ್ಕು ದಿನ ಇದ್ರಂತೆ. 1987ರಲ್ಲಿ ನಾವು ಇದ್ದಿದ್ದು ಐದು ದಿನ, ಛತ್ರದಲ್ಲಿ ಸ್ಟೌವ್ ಹಚ್ಚಿ ಅಡುಗೆ ಮಾಡ್ಕೊಂಡು. ಈ ಸಲ ಲಾಡ್ಜ್‌ನವನು ಚೆಕ್‌ಇನ್ ಟೈಮಲ್ಲೇ 24 ಗಂಟೆ ಅಂತ ಬೋರ್ಡ್ ತೋರಿಸಿದ, ನಾವು ಅಷ್ಟೂ ಬಳಸ್ಲಿಲ್ಲ. ಪಕ್ಕದ ರೂಮಿನ ಹಾಸನದವರು ಟೆಂಪೋ ಟ್ರಾವೆಲರ್‌ನಲ್ಲಿ ಬೆಳಗಿನ ಜಾವ ಬಂದು, ಸ್ನಾನ, ದರ್ಶನ, ಧನುಷ್ಕೋಡಿ, ಕಲಾಂ ಸ್ಮಾರಕ ಎಲ್ಲಾ ಮುಗಿಸಿ ರಾತ್ರಿಗೆ ಕನ್ಯಾಕುಮಾರಿ ಅಂದ್ರು. ಸೇತುವೆ ಒಂದೊಂದು ಬಂದಂಗೂ ನಾವು ಇಲ್ಲಿ ಇರೋ ಹೊತ್ತು ಕಮ್ಮಿ ಆಗ್ತಾ ಬಂದಿದೆ, ನೀರಿಗೂ ಕಸಕ್ಕೂ ಮಾತ್ರ ಅದು ಲೆಕ್ಕಕ್ಕೆ ಬಂದಂಗಿಲ್ಲ. ಹೊಸ ಸೇತುವೆ ಬೇಡ ಅಂತ ನಾನು ಹೇಳ್ತಿಲ್ಲ, ಎಪ್ಪತ್ತೆರಡು ವರ್ಷದ ಅಮ್ಮನ್ನ ಮಂಡಪಂನಲ್ಲಿ ಇಳಿಸಿ ಬಸ್ ಹತ್ತಿಸೋ ಕಷ್ಟ ಎರಡು ವರ್ಷದ ಹಿಂದೆ ಹೋಗಿದ್ದ ನನ್ನ ತಂಗಿನ ಕೇಳಿ.

ಸಂಜೆ ದಕ್ಕೆ ಕಡೆ ಒಬ್ಬನೇ ಹೋಗಿದ್ದೆ. ದೇವಸ್ಥಾನದಿಂದ ನಡ್ಕೊಂಡೇ ಹೋಗಬಹುದು, ಆದ್ರೆ ಯಾತ್ರಿಕರು ಯಾರೂ ಆ ಕಡೆ ಬರಲ್ಲ. ಸಾಲಾಗಿ ಟ್ರಾಲರ್‌ಗಳು, ಡೀಸೆಲ್ ವಾಸನೆ, ಐಸ್ ಪುಡಿ ಮಾಡೋ ಮೆಷಿನ್ ಸದ್ದು. ಬಲೆ ಹೊಲೀತಾ ಕೂತಿದ್ದ ಒಬ್ಬರು ವಯಸ್ಸಾದವರು ನಾನು ಕನ್ನಡದವನು ಅಂದಾಗ "ಮಲ್ಪೆ" ಅಂದ್ರು, ಅಲ್ಲಿ ಎರಡು ಸೀಸನ್ ಬೋಟಲ್ಲಿ ಕೆಲಸ ಮಾಡಿದ್ರಂತೆ. ಇಲ್ಲಿ ಏನು ಕಷ್ಟ ಅಂದ್ರೆ ಕೈಯಲ್ಲೇ ಸಮುದ್ರದ ಮೇಲೆ ಒಂದು ಗೆರೆ ಎಳೆದು ತೋರಿಸಿದ್ರು. ಮಧ್ಯದ ಕಚ್ಚತೀವು ಅನ್ನೋ ಪುಟ್ಟ ದ್ವೀಪ 1974ರ ಒಪ್ಪಂದದಲ್ಲಿ ಶ್ರೀಲಂಕಾಕ್ಕೆ ಹೋಯ್ತು, ಅಲ್ಲಿಂದ ಗೆರೆ ಗಟ್ಟಿ ಆಯ್ತು. ಗೆರೆ ದಾಟಿದ್ರೆ ಅವರ ನೇವಿ ಹಿಡೀತಾರೆ, ಬೋಟ್ ಜಪ್ತಿ. ಆಚೆ ಕಡೆ ಜಾಫ್ನಾದ ಮೀನುಗಾರರೂ ತಮಿಳರೇ, ಅವರ ದೂರು ಇವರ ಟ್ರಾಲರ್‌ಗಳು ತಳ ಕೆರೆದು ಮರಿ ಮೊಟ್ಟೆ ಎಲ್ಲಾ ಬಾಚ್ಕೊಂಡು ಹೋಗ್ತವೆ ಅಂತ, ಅದೂ ಸುಳ್ಳಲ್ಲ. ವರ್ಷಕ್ಕೊಂದ್ಸಲ ಕಚ್ಚತೀವಿನ ಅಂತೋಣಿಯಾರ್ ಚರ್ಚ್ ಹಬ್ಬಕ್ಕೆ ಎರಡೂ ಕಡೆಯವರು ದೋಣೀಲಿ ಹೋಗಿ ಸೇರ್ತಾರೆ. ನನ್ನ ಜೊತೆ ಮಾತಾಡಿದವರು ಅಲ್ಲಿ ಅವರಮ್ಮನ ಕಡೆ ಸಂಬಂಧಿಕರನ್ನ ನೋಡ್ತಾರಂತೆ, ಬರೋವಾಗ ಅವರು ಸಿಲೋನ್ ಸೋಪು ಕೊಡ್ತಾರೆ ಅಂದು ನಕ್ರು.

ಊರಿಗೆ ಮರಳು ತಂದವರು

ಧನುಷ್ಕೋಡಿಗೆ ಆಟೋದಲ್ಲಿ ಹೋದ್ವಿ. 2017ರ ತನಕ ರಸ್ತೆ ಅರ್ಧಕ್ಕೇ ಮುಗೀತಿತ್ತು, ಆಮೇಲೆ ಮರಳಲ್ಲಿ ಎಗರಾಡೋ ಹಳೇ ವ್ಯಾನು. 1987ರಲ್ಲಿ ಅಪ್ಪ ಅದಕ್ಕೆಲ್ಲಾ ವಿಚಾರಿಸಿ ಬಂದಿದ್ರು, ತಾತನೇ ಬೇಡ ಅಂದುಬಿಟ್ರು. ಕಾರಣ ಹೇಳ್ಲಿಲ್ಲ. ಈಗ ಟಾರ್ ರೋಡು ಬಾಣದಂಗೆ ಅರಿಚ್ಚಲ್ ಮುನೈ ತನಕ ಹೋಗುತ್ತೆ, ಎಡಕ್ಕೆ ಕೊಳದಂಗೆ ಸುಮ್ಮನೆ ಮಲಗಿರೋ ಪಾಕ್ ಜಲಸಂಧಿ, ಬಲಕ್ಕೆ ರೇಗಾಡೋ ಮನ್ನಾರ್ ಕೊಲ್ಲಿ, ಮಧ್ಯೆ ನಾವು. ದಾರೀಲಿ ಚರ್ಚಿನ ಗೋಡೆ, ಸ್ಟೇಷನ್‌ನ ಮುರಿದ ಕಮಾನು, ಅದರ ಪಕ್ಕ ಚಿಪ್ಪಿನ ಸರದ ಅಂಗಡಿ, ಬಾಳೆಕಾಯಿ ಬಜ್ಜಿ, ಮೀನು ಫ್ರೈ. ಚರ್ಚಿನ ಬಲಿಪೀಠದ ಜಾಗದಲ್ಲಿ ಒಂದು ಜೋಡಿ ಪ್ರೀವೆಡ್ಡಿಂಗ್ ಫೋಟೋ ತೆಗೆಸ್ಕೊಳ್ತಾ ಇದ್ರು, ಹುಡುಗೀದು ಗಾಳಿಗೆ ಹಾರೋ ಉದ್ದದ ಕೆಂಪು ಗೌನು. ರಾಮೇಶ್ವರದಿಂದ ಇಲ್ಲಿಗೆ ಮತ್ತೆ ರೈಲು ಹಳಿ ಹಾಕ್ತೀವಿ ಅಂತ 2019ರಲ್ಲಿ ಶಂಕುಸ್ಥಾಪನೆ ಆಗಿದೆ. ಹಳಿ ಬಂದಿಲ್ಲ, ನನಗೇನೂ ಅವಸರ ಇಲ್ಲ.

ತುದೀಲಿ ಅಮ್ಮ ಮೊಣಕಾಲು ನೀರಿಗೆ ಇಳಿದು ಸಂಕಲ್ಪ ಹೇಳ್ಕೊಳ್ತಾ ಇದ್ರು. ನಾನು ಸ್ವಲ್ಪ ಹಿಂದೆ ನಿಂತು ಬ್ಯಾಗಿಂದ ಬಾಟ್ಲಿ ತೆಗೆದೆ. ಮುಚ್ಚಳ ತುಕ್ಕು ಹಿಡಿದು ಕಚ್ಕೊಂಡಿತ್ತು, ತಿರುಗಿಸೋಕೆ ಆಗದೆ ಆಟೋದವರಿಗೆ ಕೊಟ್ಟೆ. ಅವರು ಟವೆಲ್ ಸುತ್ತಿ ಒಂದು ಪಟ್ಟು ಹಾಕಿ ತೆಗೆದು, ಒಳಗೆ ನೋಡಿ, ನನ್ನ ಮುಖ ನೋಡಿದ್ರು.

"ಮಣಲಾ ಸಾರ್?"

ಹೌದು, ಇಲ್ಲೀದೇ, 1961ರದ್ದು, ತಾತ ತಂದಿದ್ದು ಅಂತ ಬರೋ ತಮಿಳಲ್ಲಿ ಹೇಳಿದೆ. ಅವರು ಜೋರಾಗಿ ನಕ್ಕುಬಿಟ್ರು. ಸುತ್ತ ಕೈ ತೋರಿಸಿ, ಧನುಷ್ಕೋಡಿಗೆ ಬೆಂಗಳೂರಿಂದ ಮರಳು ತಂದೋನು ನೀವೊಬ್ಬರೇ ಸಾರ್ ಅಂದ್ರು. ಆಮೇಲೆ ನಗು ನಿಲ್ಲಿಸಿ, ಒಂದು ಚಿಟಿಕೆ ಅಂಗೈಗೆ ಹಾಕ್ಕೊಂಡು ಬೆರಳಲ್ಲಿ ಹರಡಿ ನೋಡಿದ್ರು. ಅವರ ತಾತ ಇಲ್ಲೇ ಸ್ಟೇಷನ್‌ನಲ್ಲಿ ಪೋರ್ಟರ್ ಆಗಿದ್ರಂತೆ, ಆ ರಾತ್ರಿ ಏನೋ ಕೆಲಸಕ್ಕೆ ರಾಮೇಶ್ವರಕ್ಕೆ ಹೋಗಿದ್ರಿಂದ ಉಳ್ಕೊಂಡ್ರು, ಅಜ್ಜಿ ಮತ್ತೆ ಎರಡು ಮಕ್ಕಳು ಇಲ್ಲಿದ್ರು. ಅವರು ಹೇಳಿದ್ದು ಅಷ್ಟೇ. ಅಂಗೈ ಮರಳನ್ನ ಕೆಳಗೆ ಉದುರಿಸ್ಲಿಲ್ಲ, ವಾಪಸ್ ಬಾಟ್ಲಿಗೇ ಹಾಕಿದ್ರು, ಒಂದು ಕಾಳೂ ಬೀಳದಂಗೆ.

ಅಷ್ಟರಲ್ಲಿ ಅಮ್ಮ ತಿರುಗಿ ನೋಡಿದ್ರು. ಸೀರೆ ಎತ್ತಿ ಹಿಡ್ಕೊಂಡು ನೀರಿಂದ ನೇರ ಬಂದವರೇ ನನ್ನ ಕೈಯಿಂದ ಬಾಟ್ಲಿ ಕಿತ್ಕೊಂಡು, "ಏನೋ ಮಾಡ್ತಿದೀಯ? ಪ್ರಯಾಗಕ್ಕೆ ಅಂತ ಎತ್ತಿದ್ದನ್ನ ಇಲ್ಲೇ ಸುರೀತೀಯಾ?" ಅಂತ ಅಷ್ಟು ಜನರ ಮಧ್ಯೆ ಶುರು ಮಾಡಿದ್ರು. ನಾನು ಅಮ್ಮ, ಅದು ಈ ಊರಿನದ್ದೇ ಅಲ್ವಾ, ಊರು ಹೋಯ್ತು, ಇದಾದ್ರೂ ವಾಪಸ್ ಬರ್ಲಿ ಅಂತ ಅಂದೆ. ಆಡೋವಾಗಲೇ ಅದು ಮಾತಿಗೆ ಚೆಂದ ಕಾಣುತ್ತೆ ಅಷ್ಟೇ ಅಂತ ನನಗೆ ಗೊತ್ತಾಯ್ತು. ಅಮ್ಮ "ಮರಳಿಗೆ ಊರು ಯಾವುದೋ? ನಿಮ್ಮ ತಾತ ಸಂಕಲ್ಪ ಮಾಡಿ ಎತ್ತಿದ್ದು, ಅದು ಹೊರಟಾಗಿದೆ, ದಾರೀಲಿದೆ" ಅಂದ್ರು. ಆಟೋದವರಿಗೆ ಕನ್ನಡ ಅರ್ಥ ಆಯ್ತೋ ಇಲ್ವೋ, ಅಮ್ಮನ ಕಡೆಯವರಂತೆ ತಲೆ ಆಡಿಸಿ, ಮುಚ್ಚಳ ಒರೆಸಿ ಕೊಟ್ರು. ತುಕ್ಕು ಹಿಡಿದ ಅದು ಮತ್ತೆ ಸರಿಯಾಗಿ ಕೂರ್ಲಿಲ್ಲ, ಪಕ್ಕದ ಅಂಗಡೀಲಿ ಪ್ಲಾಸ್ಟಿಕ್ ಕವರ್ ತಗೊಂಡು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ್ವಿ.

ವಾಪಸ್ ಬರೋವಾಗ ಪಾಂಬನ್‌ನಲ್ಲಿ ರೈಲು ಎರಡೇ ನಿಮಿಷ ನಿಲ್ತು. ನಾನು ಎಡಗಡೆ ಕಿಟಕಿಯಿಂದ ತಾತ ನೋಡಿದ್ದ ಆ ಏರಿ ಹುಡುಕಿದೆ, ಜಾಲಿಮರ ಬೆಳೆದು ಏನೂ ಕಾಣ್ಲಿಲ್ಲ. ಅಮ್ಮ ಬಾಟ್ಲಿನ ಮಡಿಲಲ್ಲಿ ಇಟ್ಕೊಂಡಿದ್ರು. ಬೆಂಗಳೂರಿಂದ ಪ್ರಯಾಗಕ್ಕೆ ನೇರ ರೈಲು ಇದೆಯಾ ನೋಡು ಅಂದ್ರು. ನೋಡಿದೆ, ಇತ್ತು, ಸೀನಿಯರ್ ಸಿಟಿಜನ್ ಲೋಯರ್ ಬರ್ತ್ ವೇಟಿಂಗ್ ಲಿಸ್ಟ್. ಬುಕ್ ಮಾಡ್ಲಾ ಅಂದೆ. ಚಳಿ ಕಳೀಲಿ ಅಂದ್ರು.